ಬೇಸ್‌ಮೆಂಟಿನ ಅಧಿವೇಶನ

ಶಿವಾಜಿನಗರದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವನು ನಾನು. ಕಾರ್ಯಾಂಗದ ಮೇಲೆ ಶಾಸಕಾಂಗದ ನಿಯಂತ್ರಣ ನನ್ನ ಅಚ್ಚುಮೆಚ್ಚಿನ ಅಧ್ಯಾಯ. ದೇಶದ ಭದ್ರತೆಗೆಂದು ಸರ್ಕಾರ ತುರ್ತುಪರಿಸ್ಥಿತಿ ಘೋಷಿಸಿದರೂ ಒಂದು ತಿಂಗಳೊಳಗೆ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಪಡೆಯಲೇಬೇಕು ಎನ್ನುವಾಗ ಮೇಜು ಕುಟ್ಟುತ್ತಿದ್ದೆ. ಹಿಂದಿನ ಬೆಂಚಿನವರಿಗೆ ಎಚ್ಚರವಾಗುತ್ತಿದ್ದುದು ಆಗಲೇ.

ನಿವೃತ್ತನಾಗಿ ಹೊರಮಾವಿನ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ನನ್ನನ್ನು ನಿವಾಸಿಗಳ ಸಂಘದ ಅಧ್ಯಕ್ಷನನ್ನಾಗಿ ಮಾಡಿದರು. ಅವಿರೋಧ ಆಯ್ಕೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಆ ಕುರ್ಚಿ ಬೇರೆ ಯಾರಿಗೂ ಬೇಕಿರಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಸ್ವಲ್ಪ ದಿನಕ್ಕೇ ಬೇಸ್‌ಮೆಂಟಿನಿಂದ ಎರಡು ಸೈಕಲ್ ಕಳುವಾದವು. ನನ್ನೊಳಗಿದ್ದ ಗೃಹಮಂತ್ರಿ ಎದ್ದು ಕೂತ. ಅವತ್ತೇ ವಾಟ್ಸಾಪ್‌ನಲ್ಲಿ ಆದೇಶ ಹೊರಡಿಸಿದೆ: ಮನೆಗೆಲಸದವರ ಮೇಲೆ ಅನುಮಾನ ಬಂದರೆ, ಕಾರಣ ಕೊಡದೆ ಅವರನ್ನು ಗೇಟಿನಲ್ಲೇ ತಡೆಯುವ ಅಧಿಕಾರ ಅಧ್ಯಕ್ಷರಿಗಿದೆ. ಇಂಥದ್ದನ್ನು ಸರ್ವಸದಸ್ಯರ ಸಭೆಯ ಮುಂದಿಡಬೇಕೆಂದು ನಮ್ಮ ಬೈಲಾದಲ್ಲಿತ್ತು. ಭದ್ರತೆಯ ವಿಷಯದಲ್ಲಿ ಸಭೆ ಗಿಭೆ ಎಂದು ಹೊತ್ತು ಕಳೆಯುವುದೇ ಎಂದುಕೊಂಡೆ. ಹೇಗೂ ಗುಂಪಿನಲ್ಲಿ ಹೆಬ್ಬೆಟ್ಟುಗಳ ಸುರಿಮಳೆಯಾಗಿತ್ತು.

ಆದೇಶಕ್ಕೆ ಮೊದಲು ಸಿಕ್ಕಿಬಿದ್ದವರು ಯಾದಗಿರಿ ಕಡೆಯ ಹೆಂಗಸು. ನಮ್ಮ ಮನೆಯೂ ಸೇರಿ ಐದು ಮನೆಗಳ ಅಡುಗೆ ಅವರದು. ಮಧ್ಯಾಹ್ನ ಬೇಸ್‌ಮೆಂಟಿನ ಕಂಬದ ಹಿಂದೆ ಕೂತಿದ್ದನ್ನು ಯಾರೋ ನೋಡಿದ್ದರಂತೆ. ನನಗೆ ಅಷ್ಟೇ ಸಾಕಾಯಿತು. ಮರುದಿನ ಬೆಳಿಗ್ಗೆ ಗೇಟಿನಲ್ಲಿ ಅವರನ್ನು ತಡೆದಾಗ ನಾನು ಅಲ್ಲೇ ನಿಂತಿದ್ದೆ.

"ನಾ ಏನ್ ಮಾಡೀನ್ರಿ ಸರ?" ಎಂದು ಕೇಳಿದರು.

"ಭದ್ರತೆ ವಿಷ್ಯ ಕಣಮ್ಮ, ಹೇಳಕ್ಕಾಗಲ್ಲ," ಎಂದೆ. ನಿಜಕ್ಕೂ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಐದೂ ಮನೆ ಕೈತಪ್ಪಿದರೆ ಅವರು ಬಾಡಿಗೆ ಕೋಣೆ ಬಿಟ್ಟು ಊರಿಗೆ ವಾಪಸು ಹೋಗಬೇಕಿತ್ತು. ಇದು ನನ್ನ ಹೆಂಡತಿಗೆ ಗೊತ್ತಿತ್ತು.

"ಮೂವತ್ತ್ ವರ್ಷ ಹುಡುಗ್ರಿಗೆ ಏನ್ರೀ ಹೇಳ್ಕೊಟ್ರಿ? ಹೇಳೋದು ಆಚಾರ, ತಿನ್ನೋದು ಬದನೆಕಾಯಿ!" ಎಂದಳು. ಬದನೆಕಾಯಿಯನ್ನೂ ಮಾಡಿ ಹಾಕಲಿಲ್ಲ. ನಾನು ದರ್ಶಿನಿಯ ಇಡ್ಲಿ ತಿನ್ನುತ್ತಿದ್ದಾಗ ಅವಳು ಮನೆಮನೆ ಹತ್ತಿಳಿದು, ವಿಶೇಷ ಸಭೆ ಕರೆಯಲು ಬೇಕಾದಷ್ಟು ಸಹಿ ಸಂಗ್ರಹಿಸಿದಳು.

ಭಾನುವಾರ ಬೆಳಿಗ್ಗೆ ಬೇಸ್‌ಮೆಂಟಿನಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ನಡೆಯಿತು. ಹಲಸೂರಿನಿಂದ ಬಂದು ಇಲ್ಲಿ ನೆಲೆಸಿದ್ದ ನಿವೃತ್ತ ಸುಬೇದಾರರು ಎದ್ದು ನಿಂತರು.

"ಗಡೀಲಿ ಇದ್ದೋನು ಸಾರ್ ನಾನು. ಅಲ್ಲೂ ಯಾರನ್ನಾದ್ರೂ ಹಿಡಿದ್ರೆ, ಯಾಕೆ ಅಂತ ಬರೆದು ಮೇಲಿನೋರ್ಗೆ ಕೊಡ್ಬೇಕಿತ್ತು. ನೀವು ಯಾರ್ಗೆ ಕೊಟ್ರಿ?"

ನೋಟ್ಸ್ ಓದದೆ ಪರೀಕ್ಷೆಗೆ ಬಂದ ನನ್ನದೇ ವಿದ್ಯಾರ್ಥಿಗಳಂತಾಗಿತ್ತು ನನ್ನ ಸ್ಥಿತಿ. "ಅವ್ರನ್ನೇ ಕರೆದು ಕೇಳೋಣ," ಎಂದಳು ಹೆಂಡತಿ. ಅವಳು ಮೊದಲೇ ಬರಹೇಳಿದ್ದ ಅಡುಗೆಯವರನ್ನು ಗೇಟಿನಿಂದ ಕರೆತಂದರು. ಬೇಸ್‌ಮೆಂಟಿನಲ್ಲಿ ಏನು ಮಾಡುತ್ತಿದ್ದಿರಿ ಎಂದು ಸುಬೇದಾರರು ಕೇಳಿದರು.

"ಉಣ್ಲಾಕ ಕುಂತಿದ್ನಿರಿ. ರೊಟ್ಟಿ ಕಟ್ಕೊಂಡು ಬರ್ತೀನ್ರಿ. ಮ್ಯಾಲ ಯಾರ ಮನ್ಯಾಗೂ ಕುಂದ್ರು ಅನ್ನಂಗಿಲ್ರಿ."

ಸುಬೇದಾರರು ಆದೇಶ ರದ್ದಾಗಲಿ ಎಂದು ಕೈ ಎತ್ತಿದರು. ಎಲ್ಲರ ಕೈಯೂ ಮೇಲೆದ್ದಿತು. ನನ್ನ ಆದೇಶದ ವಿರುದ್ಧ ನಾನೂ ಎತ್ತಿದೆ. ಜೀವನದಲ್ಲಿ ಮೊದಲ ಸಲ ನನ್ನ ಅಧ್ಯಾಯ ಕಣ್ಣೆದುರು ನಡೆದಿತ್ತು. ಸೋತಿದ್ದು ನಾನೇ ಆದರೂ ಖುಷಿಗೆ ಮೇಜು ಕುಟ್ಟುವವನಿದ್ದೆ.

ಆ ತಾಯಿ ಮಾತ್ರ ಇನ್ನೂ ನಿಂತೇ ಇದ್ದರು. ಎದುರಿಗೇ ಎರಡು ಕುರ್ಚಿ ಖಾಲಿಯಿದ್ದವು.

"ಹಂಗಾರ ನಾಳಿಂದ ಎಲ್ಲಿ ಕುಂತು ಉಣ್ಲಿರಿ?" ಎಂದು ಕೇಳಿದರು.

ಈ ಸಲ ಯಾರ ಕೈಯೂ ಏಳಲಿಲ್ಲ. ಹೆಂಡತಿಯ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಅಧ್ಯಕ್ಷನಾದವನು ಉತ್ತರ ಕೊಡಬೇಕಲ್ಲ ಎಂದು ನಾನು ಬೈಲಾ ತೆರೆದು ಪುಟ ತಿರುವತೊಡಗಿದೆ.