ವಸಂತಮ್ಮನಿಗೆ ಕೊಬ್ಬು

ಜಿಗಣಿಯ ಕೈಗಾರಿಕಾ ಪ್ರದೇಶದ ಬೆನ್ನಿಗೆ ಅಂಟಿಕೊಂಡಿರುವ ಆ ಹಳ್ಳಿಯಲ್ಲಿ ಶ್ಯಾಮಲಾಗೆ ಕೊಬ್ಬು ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅನುಮಾನ ಇದ್ದವರನ್ನು ವಸಂತಮ್ಮ ಕೂರಿಸಿಕೊಂಡು ಪುರಾವೆ ಸಮೇತ ವಿವರಿಸುತ್ತಿದ್ದಳು. ಅವಳ ನಡಿಗೆಯ ಠೀವಿ ನೋಡಿ. ಬೀದಿ ಕೊನೆಗೂ ಕೇಳಿಸುವ ಆ ನಗು ನೋಡಿ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ, ಬೇಕರಿಯ ಎಗ್ ಪಫ್ಸ್ ತಿನ್ನುತ್ತಾ ಹೋಗಿಬರುವವರನ್ನೆಲ್ಲ ಮಾತಾಡಿಸುವುದು ನೋಡಿ. ಕೊಬ್ಬಲ್ಲದೆ ಇನ್ನೇನು?

ಇಬ್ಬರೂ ವಾರಗಿತ್ತಿಯರು. ಅಣ್ಣ ದೇವರಾಜನ ಹೆಂಡತಿ ವಸಂತಮ್ಮ, ತಮ್ಮ ನಂದೀಶನ ಹೆಂಡತಿ ಶ್ಯಾಮಲಾ. ಹೊಲವೆಲ್ಲ ಫ್ಯಾಕ್ಟರಿಗಳಿಗೆ ಹೋದಮೇಲೆ ಉಳಿದ ಜಾಗದಲ್ಲಿ ಅಣ್ಣತಮ್ಮಂದಿರು ಗೋಡೆಗೆ ಗೋಡೆ ತಾಗಿಸಿ ಮನೆ ಕಟ್ಟಿ, ಮೇಲೆ ಮಹಡಿಗಳನ್ನೇರಿಸಿ ಬಾಡಿಗೆಗೆ ಬಿಟ್ಟಿದ್ದರು. ಗೋಡೆ ಒಂದೇ ಆದ್ದರಿಂದ ಆ ಮನೆಯ ಒಗ್ಗರಣೆಯ ಘಾಟು ಈ ಮನೆಯ ಮೂಗಿಗೆ, ಆ ಮನೆಯ ನಗು ಈ ಮನೆಯ ಕಿವಿಗೆ. ವಸಂತಮ್ಮನಿಗೆ ಎರಡೂ ಆಗುತ್ತಿರಲಿಲ್ಲ.

ಅದನ್ನು ಅಸೂಯೆ ಗಿಸೂಯೆ ಅಂತ ನಾಜೂಕು ಮಾಡಿ ಹೇಳುವುದು ಬೇಡ. ಶುದ್ಧ ಹೊಟ್ಟೆಕಿಚ್ಚು ಅದು. ಶ್ಯಾಮಲಾ ಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ಸೊಣ್ಣಮ್ಮ ತನ್ನ ಸೊಂಟದ ಬೀಗದಕೈ ತೆಗೆದು ಕಿರಿಸೊಸೆಯ ಕೈಗೆ ಕೊಟ್ಟಾಗ ಹೊತ್ತಿಕೊಂಡದ್ದು, ಅತ್ತೆ ಮಣ್ಣಾದರೂ ಆರಲಿಲ್ಲ. ಶ್ಯಾಮಲಾಗೆ ಮಕ್ಕಳಾಗಲಿಲ್ಲ. ಅದಕ್ಕಾದರೂ ವಸಂತಮ್ಮ ತಣ್ಣಗಾಗಬಹುದಿತ್ತು. ಆದರೆ ಆದದ್ದೇ ಬೇರೆ.

ತನ್ನ ಮಗ ಚಿರಂಜೀವಿ ಇನ್ನೂ ಅಂಬೆಗಾಲಿಡುವ ಮುಂಚೆ ವಸಂತಮ್ಮ ಗಾರ್ಮೆಂಟ್ಸಿಗೆ ಸೇರಿದಳು. ಬೆಳಕು ಹರಿಯುವ ಮೊದಲೇ ವ್ಯಾನು ಬಂದು ಹಾರ್ನ್ ಹೊಡೆಯುತ್ತಿತ್ತು. ನಿದ್ದೆಯಲ್ಲಿದ್ದ ಕೂಸನ್ನು ಶ್ಯಾಮಲಾಳ ಮಡಿಲಿಗೆ ಹಾಕಿ ಓಡಬೇಕು. ದಿನವಿಡೀ ಕಾಲರ್ ಹೊಲಿದು ಬರುವಷ್ಟರಲ್ಲಿ ಕೂಸಿಗೆ ಊಟವಾಗಿ, ಸ್ನಾನವಾಗಿ, ಹೊಟ್ಟೆ ತುಂಬಾ ತುಪ್ಪದನ್ನ ಇಳಿದು, ಮತ್ತೆ ನಿದ್ದೆ. ಮುಂದೆ ಆ ಮಗು ಎಡವಿ ಬಿದ್ದರೆ ‘ಅಮ್ಮಾ’ ಅನ್ನುತ್ತಿರಲಿಲ್ಲ, ‘ಚಿಕ್ಕೀ’ ಅಂತ ಕಿರುಚುತ್ತಿತ್ತು. ಈಗ ಅವನು ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರ್, ಮೀಸೆ ತಿರುವುವ ಆಳು. ಶಿಫ್ಟ್ ಮುಗಿಸಿ ಬಂದು ಬೈಕು ನಿಲ್ಲಿಸುವುದು ತಾಯಿಯ ಗೇಟಿನೊಳಗೆ, ಊಟಕ್ಕೆ ಹೋಗುವುದು ಚಿಕ್ಕಿಯ ಮನೆಗೆ. ಬೈಕು ತನಗೆ, ಮಗ ಅವಳಿಗೆ ಅಂತ ವಸಂತಮ್ಮ ಹಲ್ಲು ಕಡಿಯುತ್ತಿದ್ದಳು.

ಆದರೆ ಒಂದು ನಂಬಿಕೆ ಅವಳಿಗಿತ್ತು. ಶ್ಯಾಮಲಾ ತಿನ್ನಲಿ, ಮಟನ್ ತಿನ್ನಲಿ, ಹೋಳಿಗೆ ಮೇಲೆ ತುಪ್ಪ ಸುರ್ಕೊಂಡು ತಿನ್ನಲಿ, ಎಲ್ಲಾ ಒಂದಿನ ಮೈಮೇಲೆ ಬರುತ್ತೆ. ಆ ಒಂದು ದಿನಕ್ಕಾಗಿ ವಸಂತಮ್ಮ ತಾನು ಮುದ್ದೆ, ಬಸ್ಸಾರು, ಸೊಪ್ಪು ಬಿಟ್ಟರೆ ಬೇರೆ ಮುಟ್ಟದೆ, ಬೆಳಿಗ್ಗೆ ಎದ್ದು ಕೆರೆ ಏರಿ ಸುತ್ತುತ್ತಾ, ಕಡ್ಡಿಯಂತೆ ಇದ್ದಳು. ಹಾಗಾಗಿ ಹತ್ತಿರದ ಫ್ಯಾಕ್ಟರಿಯವರು ಸಮುದಾಯ ಭವನದಲ್ಲಿ ಪುಕ್ಕಟೆ ರಕ್ತಪರೀಕ್ಷೆ ಇಟ್ಟಾಗ ಶ್ಯಾಮಲಾಳನ್ನು ಎಳೆದುಕೊಂಡು ಹೋದವಳು ಬೇರೆ ಯಾರೂ ಅಲ್ಲ, ವಸಂತಮ್ಮನೇ. ಇವಳ ಕೊಬ್ಬು ಎಷ್ಟು ಅಂತ ಅಚ್ಚಾಗಿ ಬರಲಿ, ಊರು ನೋಡಲಿ ಅಂತ. ಸೂಜಿ ಕಂಡು ಹೆದರಿದ ಶ್ಯಾಮಲಾ ಇವಳ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು.

ರಿಪೋರ್ಟು ಹಂಚುವ ದಿನ ಭವನದ ತುಂಬಾ ಜನ. ಮೇಜಿನ ಹಿಂದೆ ಕೂತಿದ್ದ ಲ್ಯಾಬಿನ ಹುಡುಗಿ ಒಬ್ಬೊಬ್ಬರ ಹೆಸರು ಕೂಗಿ ಎಲ್ಲರಿಗೂ ಅರ್ಥವಾಗಲಿ ಅಂತ ಅಚ್ಚಗನ್ನಡದಲ್ಲಿ ಹೇಳುತ್ತಿದ್ದಳು. ದೇವರಾಜನಿಗೆ ‘ಬಾರ್ಡರ್‌ಲೈನ್’ ಅಂದಳು. ಜಮೀನಿನ ಗಡಿ ತಗಾದೆಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ಅವನು, “ಯಾರಮ್ಮಾ ಒತ್ತುವರಿ ಮಾಡಿರೋದು?” ಅಂತ ಕೇಳಿ ಎಲ್ಲರನ್ನೂ ನಗಿಸಿದ.

ಆಮೇಲೆ ಹುಡುಗಿ ಕೂಗಿದಳು. “ವಸಂತಮ್ಮ ಯಾರು? ಆಂಟಿ, ನಿಮಗೆ ಕೊಬ್ಬು ತುಂಬಾ ಜಾಸ್ತಿ ಇದೆ!”

ಭವನಕ್ಕೆ ಭವನವೇ ಘೊಳ್ಳೆಂದಿತು.

“ಕೊಲೆಸ್ಟ್ರಾಲ್ ಆಂಟಿ, ರಕ್ತದಲ್ಲಿರೋ ಕೊಬ್ಬು,” ಹುಡುಗಿ ಪಾಪ ಗಾಬರಿಯಾದಳು. “ಒಟ್ಟು ಇನ್ನೂರರ ಒಳಗಿರಬೇಕು. ನಿಮ್ದು ಮುನ್ನೂರ ಹದಿನೆಂಟು. ಅದರಲ್ಲೂ ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಬ್ಬು, ಅದೇ ಜಾಸ್ತಿ. ಡಾಕ್ಟರ್ ಹತ್ರ ಹೋಗ್ಲೇಬೇಕು. ಶ್ಯಾಮಲಾ ಆಂಟಿ, ನಿಮ್ದೆಲ್ಲಾ ಸರಿಯಾಗಿದೆ. ಎಚ್‌ಡಿಎಲ್ ಅಂತ ಒಳ್ಳೆ ಕೊಬ್ಬು ಇರುತ್ತೆ, ಅದು ಕಮ್ಮಿ ಇರಬಾರದು. ನಿಮಗೆ ಒಳ್ಳೆ ಕೊಬ್ಬೇ ಚೆನ್ನಾಗಿದೆ.”

ನೋಡಿ ಅನ್ಯಾಯ! ಇಷ್ಟು ವರ್ಷ ಊರೆಲ್ಲ ಆಡಿಕೊಂಡ ಶ್ಯಾಮಲಾಳ ಕೊಬ್ಬು ಒಳ್ಳೇದಂತೆ, ಸೊಪ್ಪು ತಿಂದು ಸೊರಗಿದ ವಸಂತಮ್ಮನದು ಕೆಟ್ಟದ್ದಂತೆ.

“ಅದಲು ಬದಲಾಗೈತೆ!” ಎಂದು ವಸಂತಮ್ಮ ಮೇಜು ಕುಟ್ಟಿದಳು. “ಒಂದೇ ಮನೆಯೋರು ಅಂತ ಅವಳ ರಕ್ತ ನಂಗೆ, ನನ್ನ ರಕ್ತ ಅವಳಿಗೆ ಬರ್ದಿದೀರ. ಕಣ್ ಕಾಣಲ್ವಾ? ಅವಳನ್ನ ನೋಡಿ, ನನ್ನ ನೋಡಿ!”

ಶ್ಯಾಮಲಾ ಹತ್ತಿರ ಬಂದು ಅವಳ ಬೆನ್ನು ಸವರಿದಳು. “ಇರ್ಬೋದು ಬುಡಕ್ಕಾ. ನಂದೇ ನಿಂಗ್ ಬಂದಿರ್ಬೋದು. ನಾನಲ್ವಾ ತಿನ್ನೋಳು?”

ಅವಳು ಹಾಗೆ ಒಪ್ಪಿಕೊಂಡದ್ದಕ್ಕೆ ವಸಂತಮ್ಮನಿಗೆ ಇನ್ನೂ ಉರಿಯಿತು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಹಠಕ್ಕೆ ಬಿದ್ದು ಅವಳು ಒಂದು ವಾರ ಸೌತೆಕಾಯಿ, ಮಜ್ಜಿಗೆ ಮೇಲೆ ಕಳೆದು, ಯಾರಿಗೂ ಹೇಳದೆ ಬಸ್ಸು ಹತ್ತಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಕ್ಲಿನಿಕ್ಕಿಗೆ ಹೋಗಿ ಮತ್ತೆ ರಕ್ತ ಕೊಟ್ಟಳು. ಮುನ್ನೂರ ಹನ್ನೊಂದು ಬಂತು. ಇಲ್ಲಿ ಅದಲು ಬದಲಾಗಲು ಶ್ಯಾಮಲಾ ಇರಲಿಲ್ಲ.

ಡಾಕ್ಟರಮ್ಮ ರಿಪೋರ್ಟು ನೋಡುವ ಮೊದಲು ಅವಳ ಮುಖವನ್ನೇ ದಿಟ್ಟಿಸಿದರು. ಕಣ್ಣಿನ ರೆಪ್ಪೆಯ ಮೂಲೆಯಲ್ಲಿ ಎರಡು ಹಳದಿ ಗುಳ್ಳೆಗಳಿದ್ದವು. ಅತ್ತೆ ಸೊಣ್ಣಮ್ಮ ಬದುಕಿದ್ದಾಗ ಅದನ್ನು ಐಶ್ವರ್ಯದ ಗುರುತು ಅನ್ನುತ್ತಿದ್ದಳು. ಅತ್ತೆಯ ಬಾಯಿಂದ ಬಂದ ಒಂದೇ ಒಂದು ಹೊಗಳಿಕೆ ಅದು, ಶ್ಯಾಮಲಾಗಿಲ್ಲದ ಒಂದೇ ಒಂದು ಒಡವೆ.

“ಇದೂ ಕೊಬ್ಬೇ ಅಮ್ಮಾ,” ಎಂದರು ಡಾಕ್ಟರಮ್ಮ. “ನಿಮ್ಮ ತಂದೆ ತಾಯಿ ಇದಾರಾ?”

ಅಪ್ಪ ನಲವತ್ತೈದು ತುಂಬುವ ಮುಂಚೆ ಬದುವಿನ ಮೇಲೆ ಕೂತವನು ಕೂತಲ್ಲೇ ಹೋಗಿದ್ದ. ತಮ್ಮ ಹನುಮೇಶ ಇನ್ನೂ ಚಿಕ್ಕ ವಯಸ್ಸಿಗೆ, ಮದುವೆ ಮನೆಯಲ್ಲಿ ಕುಣಿಯುತ್ತಿದ್ದವನು ಎದೆ ಹಿಡಿದುಕೊಂಡು ಬಿದ್ದಿದ್ದ. ತಮ್ಮ ಸತ್ತ ವರ್ಷವೇ ಹುಟ್ಟಿದ ಮಗನಿಗೆ ಅವಳು ಹಠ ಹಿಡಿದು ಚಿರಂಜೀವಿ ಅಂತ ಹೆಸರಿಟ್ಟದ್ದು. “ಜನರ ಕಣ್ಣು ಬಿತ್ತು ಮೇಡಂ. ನಮ್ಮೋರು ಚೆನ್ನಾಗಿದ್ರೆ ಯಾರಿಗೂ ಆಗಲ್ಲ,” ಎಂದಳು ವಸಂತಮ್ಮ. ಹೊಟ್ಟೆಕಿಚ್ಚಿನ ಕಣ್ಣಿಗೆ ಎಷ್ಟು ಶಕ್ತಿ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಯಾರ ಕಣ್ಣೂ ಅಲ್ಲ. ಊಟದಿಂದ ಬರೋದು ಸ್ವಲ್ಪ ಅಷ್ಟೇ, ಹೆಚ್ಚಿನದನ್ನ ನಮ್ಮ ಮೈಯೇ ತಯಾರು ಮಾಡುತ್ತೆ. ಕೆಲವರ ಮನೆತನದಲ್ಲಿ ಹುಟ್ಟಿನಿಂದಲೇ ಅದನ್ನ ರಕ್ತದಿಂದ ತೆಗೆಯೋ ಶಕ್ತಿ ಕಮ್ಮಿ ಇರುತ್ತೆ. ತೆಳ್ಳಗಿದ್ರೂ ಅಷ್ಟೇ, ಸೊಪ್ಪು ತಿಂದ್ರೂ ಅಷ್ಟೇ. ನಿಮ್ಮದು ಹಾಗೇ ಕಾಣ್ತಿದೆ. ಈ ಮಾತ್ರೆ ದಿನಾ ತಗೊಳ್ಳಿ, ಬಿಡಬೇಡಿ. ಮಕ್ಕಳಿದಾರಾ?”

“ಒಬ್ನೇ ಮಗ.”

“ಅವನನ್ನೂ ಪರೀಕ್ಷೆ ಮಾಡಿಸಿ. ಅವನಿಗೂ ಇರೋ ಸಾಧ್ಯತೆ ಅರ್ಧಕ್ಕರ್ಧ. ಈಗಲೇ ಗೊತ್ತಾದ್ರೆ ಔಷಧಿ ಇದೆ. ತಡ ಮಾಡಬೇಡಿ.”

ಬಸ್ಸಿನಲ್ಲಿ ಬರುವಾಗ ಮದುವೆ ಮನೆಯ ಆ ಕುಣಿತ ವಸಂತಮ್ಮನ ಕಣ್ಣ ಮುಂದೆ ಬಂತು. ಬಿದ್ದವನ ಮುಖ ಮಾತ್ರ ಹನುಮೇಶನದಾಗಿರಲಿಲ್ಲ.

ಮಾತ್ರೆ ತಂದು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಳು. ನುಂಗಿದರೆ ತನಗೆ ಕೊಬ್ಬು ಅಂತ ತಾನೇ ಒಪ್ಪಿಕೊಂಡ ಹಾಗೆ. ಅದು ಹಾಳಾಗಲಿ, ಮಗನದು ಹೇಗೆ? ಬೈಕು ನಿಲ್ಲಿಸುತ್ತಿದ್ದವನನ್ನು ಗೇಟಿನಲ್ಲೇ ತಡೆದು, “ಒಂದ್ ಸಲ ರಕ್ತ ಕೊಟ್ಟು ಬಾರೋ. ಅದು ನಮ್ಮ ವಂಶದಲ್ಲೇ ಐತಂತೆ. ನಿಂಗೂ ಇರ್ಬೋದು,” ಎಂದಳು.

ಚಿರಂಜೀವಿ ನಕ್ಕುಬಿಟ್ಟ. “ದಿನಾ ಜಿಮ್ಮಿಗೆ ಹೋಗ್ತೀನಿ ಕಣಮ್ಮಾ, ನಂಗೇನಾಗೈತೆ? ಚಿಕ್ಕಿ ಮನೆ ಊಟ ಬಿಡ್ಸೋಕೆ ಇದೊಂದು ಹೊಸ ನಾಟ್ಕ ತಗ್ದಿದೀಯಾ. ಹೋದ್ ವರ್ಷ ಅವರ ಎಣ್ಣೆ ಸರಿಯಿಲ್ಲ ಅಂದೆ. ಅದಕ್ ಮುಂಚೆ ನೀರು ಸರಿಯಿಲ್ಲ ಅಂದೆ.”

ಅಂದದ್ದು ನಿಜವೇ. ಇಷ್ಟು ವರ್ಷ ಹೇಳಿದ ಸುಳ್ಳುಗಳೆಲ್ಲ ಈಗ ಈ ಒಂದು ಸತ್ಯಕ್ಕೆ ಅಡ್ಡ ಬಂದು ನಿಂತಿದ್ದವು. ಅವಳು ಬೈದಳು, ಅತ್ತಳು, ತನ್ನ ಮೇಲೆ ಆಣೆ ಹಾಕಿದಳು. ಅವನು ಹೆಗಲು ಕುಣಿಸಿ ಪಕ್ಕದ ಮನೆಗೆ ನುಗ್ಗಿದ. ಯಾರ ಮಾತು ಅವನ ಕಿವಿಗೆ ಇಳಿಯುತ್ತದೆ ಅನ್ನುವುದು ವಸಂತಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಹೊಸಿಲು ತುಳಿಯಲು ಕಾಲು ಬರಲಿಲ್ಲ. ಸಾಯುವುದಕ್ಕಿಂತ ಕಷ್ಟ ಅನ್ನಿಸಿತು. ಆದರೆ ಸಾಯುವ ಸರದಿ ತನ್ನದೊಂದೇ ಆಗಿದ್ದರೆ ತಾನೇ ಆ ಮಾತು?

ಮಾರನೇ ದಿನ ಮಗ ಕೆಲಸಕ್ಕೆ ಹೋಗಿದ್ದಾಗ ಹೋದಳು. ಶ್ಯಾಮಲಾ ಅವರೇಕಾಯಿ ಸುಲಿಯುತ್ತಿದ್ದಳು. ವಸಂತಮ್ಮ ನಿಂತಲ್ಲೇ ಹೇಳಿದಳು. “ರಿಪೋರ್ಟು ಅದಲು ಬದಲಾಗಿರಲಿಲ್ಲ ಕಣೇ. ಕೊಬ್ಬು ನಂಗೇ ಇರೋದು. ನಮ್ಮಪ್ಪ, ಹನುಮೇಶ ಇಬ್ರೂ ಇದ್ರಲ್ಲೇ ಹೋಗಿರೋದು. ಚಿರಂಜೀವಿಗೂ ನೋಡ್ಬೇಕಂತೆ. ನನ್ ಮಾತು ಕೇಳ್ತಿಲ್ಲ ಅವ್ನು. ನೀನ್ ಹೇಳು.” ಕೊನೆಯ ಎರಡು ಪದಗಳನ್ನು ಅವರೇಕಾಯಿಯ ಕಡೆ ನೋಡಿಕೊಂಡು ಅಂದಳು.

ಶ್ಯಾಮಲಾ ಉದ್ದುದ್ದ ಹೇಳಲೇ ಇಲ್ಲ. ಮಗ ಊಟಕ್ಕೆ ಬಂದಾಗ ತಟ್ಟೆಯನ್ನು ಬೋರಲು ಹಾಕಿ, “ರಕ್ತ ಕೊಟ್ಬುಟ್ ಬಾ, ಆಮೇಲ್ ಉಣ್ಣೀವಂತೆ,” ಎಂದಳು. ಗೋಡೆಯಾಚೆ ನಿಂತು ವಸಂತಮ್ಮ ಕೇಳಿಸಿಕೊಂಡಳು. ತಾನು ಅಷ್ಟೆಲ್ಲ ಗೋಗರೆದರೂ ಅಲ್ಲಾಡದ ಮಗ ಬೆಳಿಗ್ಗೆ ಎದ್ದವನೇ ಲ್ಯಾಬಿಗೆ ಹೋದ. ಅವನು ಹೋದನಲ್ಲ ಅಂತ ನೆಮ್ಮದಿ, ಅವಳು ಹೇಳಿದ್ದಕ್ಕೆ ಹೋದನಲ್ಲ ಅಂತ ಸಂಕಟ. ಎರಡೂ ಒಟ್ಟಿಗೇ ಆಗಿ ಅವಳಿಗೆ ತಿಂಡಿ ಇಳಿಯಲಿಲ್ಲ.

ರಿಪೋರ್ಟು ಮಗನ ಮೊಬೈಲಿಗೆ ಬಂತು. ಅವನು ಅದನ್ನು ಮೊದಲು ತೋರಿಸಿದ್ದೂ ಚಿಕ್ಕಿಗೇ. “ಅಕ್ಕಾ!” ಅಂತ ಶ್ಯಾಮಲಾ ಕೂಗಿದ ಕೂಗಿಗೆ ವಸಂತಮ್ಮ ಬರಿಗಾಲಲ್ಲಿ ಓಡಿದಳು. ಚಿರಂಜೀವಿ ಮೊಬೈಲನ್ನು ತಾಯಿಯ ಕಡೆ ತಿರುಗಿಸಿದ. ನೂರರ ಆಸುಪಾಸಿನಲ್ಲಿರಬೇಕಾದ ಕೆಟ್ಟ ಕೊಬ್ಬು ಇನ್ನೂರ ಇಪ್ಪತ್ತೆಂಟು. ಅಷ್ಟು ಗಟ್ಟಿ ಆಳಿನ ಮುಖ ಬಿಳಿಚಿಕೊಂಡಿತ್ತು.

“ನಿಂದೂ ಇಂಗೇ ಅಲ್ವಾ? ನೀನ್ ಮಾತ್ರೆ ತಗೋತಿದೀಯೇನಮ್ಮಾ?” ಎಂದು ಕೇಳಿದ.

“ಇವತ್ತಿಂದ ತಗೋತೀನಿ. ನಾಳೆ ನೀನೂ ಬಾ, ಆ ಡಾಕ್ಟರಮ್ಮನ್ನ ನೋಡಣ,” ಎಂದಳು ವಸಂತಮ್ಮ.

ಅಷ್ಟರಲ್ಲಿ ಶ್ಯಾಮಲಾ ಎದೆ ಎದೆ ಬಡಿದುಕೊಂಡು ಅಳಲು ಶುರುಮಾಡಿದ್ದಳು. “ನಾನೇ ಮಾಡ್ದೆ ಅಕ್ಕಾ! ಕೂಸಿದ್ದಾಗಿಂದ ತುಪ್ಪ ಸುರ್ದು ಸುರ್ದು ನಾನೇ ಇವನ್ ರಕ್ತ ಕೆಡ್ಸಿದ್ದು. ಇನ್ಮೇಲೆ ನಿನ್ ಮನೇಲೇ ಉಣ್ಲಿ. ಈ ಬಾಗ್ಲಿಗೆ ಬಂದ್ರೂ ನಾನು ತಟ್ಟೆ ಹಾಕಲ್ಲ. ದೇವ್ರಾಣೆ ಹಾಕಲ್ಲ.”

ವಸಂತಮ್ಮ ಇಡೀ ಬದುಕು ಯಾವುದಕ್ಕೆ ಕುದಿದಿದ್ದಳೋ ಅದು ತಾನಾಗಿ ಬಂದು ಕೈಗೆ ಬಿದ್ದಿತ್ತು. ಏನೂ ಮಾಡಬೇಕಾಗಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ತಪ್ಪು ಶ್ಯಾಮಲಾಳದ್ದಾಗುತ್ತಿತ್ತು, ಮಗ ತನ್ನವನಾಗುತ್ತಿದ್ದ.

ಆದರೆ ಅವಳ ಹೊಟ್ಟೆಕಿಚ್ಚು ಅದಕ್ಕೂ ಬಿಡಲಿಲ್ಲ. ಇವನ ಹಸಿವು ನಿನ್ನದಾಯಿತು, ಇವನ ನಗು ನಿನ್ನದಾಯಿತು, ಈಗ ಇವನ ಕಾಯಿಲೆಯೂ ನಿನ್ನದೇ ಅನ್ನುತ್ತೀಯಾ?

“ಮುಚ್ಚೇ ಬಾಯಿ,” ಎಂದಳು. “ನಿನ್ ತುಪ್ಪದಿಂದ ಬಂದಿದ್ದಲ್ಲ ಇದು. ನಮ್ಮಪ್ಪಂದು, ನನ್ ತಮ್ಮಂದು, ನಂದು. ನಾನ್ ಹೆತ್ತಾಗ್ಲೇ ಕೊಟ್ಟಿದ್ದು. ಅವ್ನು ನನ್ ಮಗ. ಇದ್ರಲ್ಲಿ ನಿಂಗೆ ಪಾಲಿಲ್ಲ.”

ಅದು ಸಮಾಧಾನದ ಮಾತಾಗಿರಲಿಲ್ಲ. ಆದರೆ ಶ್ಯಾಮಲಾ ಹಾಗೇ ತಿಳಿದುಕೊಂಡಳು. ವಸಂತಮ್ಮನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

“ನಿನ್ ಮನಸ್ಸು ದೊಡ್ಡದು ಅಕ್ಕಾ. ನಾನಾಗಿದ್ರೆ ಸುಮ್ಕಿದ್ಬುಡ್ತಿದ್ದೆ, ಖಂಡಿತ. ಇವನನ್ನ ಎತ್ಕಂಡು ಆಡ್ಸೋವಾಗೆಲ್ಲಾ, ಹೆತ್ತೋಳು ನೀನು ಅಂತ ನಿನ್ ಕಂಡ್ರೆ ನಂಗೆ ಹೊಟ್ಟೆ ಉರಿ. ಸಾಯಂಕಾಲ ನಿನ್ ವ್ಯಾನಿನ ಸದ್ದು ಕೇಳಿದ್ರೆ ಸಾಕು, ಇವತ್ತೊಂದಿನ ಬರ್ದೇ ಇರ್ಲಿ ದೇವ್ರೇ ಅಂತಿದ್ದೆ. ತಪ್ಪಾಯ್ತು ಕಣಕ್ಕಾ.”

ವಸಂತಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಕೂತಳು.

“ಮೊದ್ಲೇ ಹೇಳೋಕೆ ಏನಾಗಿತ್ತೇ ನಿಂಗೆ?” ಎಂದಳು. “ಇಷ್ಟ್ ವರ್ಷ ನಾನೊಬ್ಳೇ ಉರ್ಕಂತಿದೀನಿ ಅಂದ್ಕಂಡಿದ್ನಲ್ಲೇ.”