ಭಾನುವಾರದವರೆಗೆ ಬಡವ

ಧರ್ಮಣ್ಣ ಸೋಫಾದಿಂದ ಎದ್ದ. ಅವನು ಕೂತಿದ್ದ ಜಾಗದ ಅಚ್ಚು ಮಾತ್ರ ಏಳಲಿಲ್ಲ. ಕೆನೆಬಣ್ಣದ ಸೋಫಾದ ಮೇಲೆ ಬೂದುಬಣ್ಣದ ಸಿಮೆಂಟು, ಎರಡು ದುಂಡನೆಯ ಮುದ್ರೆಗಳಾಗಿ, ನೋಂದಣಿ ಕಚೇರಿಯವರೂ ಮೆಚ್ಚುವಷ್ಟು ಸ್ಪಷ್ಟವಾಗಿ ಮೂಡಿತ್ತು. ಮನೆಯೊಡತಿ ಜ್ಯೋತ್ಸ್ನಾ ಇರಲಿ ಬಿಡ್ರಿ ಎಂದು ನಕ್ಕಳು. ನಗುತ್ತಲೇ ಒಂದು ದಿಂಬು ತಂದು ಮುಚ್ಚಿದಳು. ಒಂದು ಸಾಲದೆ ಇನ್ನೊಂದು ತಂದಳು. ಧರ್ಮಣ್ಣ ನಾಚಿಕೊಂಡು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಹೋದ. ಟವೆಲ್ಲಿನಲ್ಲಿ ಇನ್ನೂ ಹೆಚ್ಚು ಸಿಮೆಂಟಿತ್ತು.

ಆ ಮನೆಗೆ ಅವನು ಹೊಸಬನಲ್ಲ. ಹೋದ ವರ್ಷ ಬಚ್ಚಲಿಗೆ ಟೈಲ್ಸ್ ಕೂರಿಸಿದವನು ಅವನೇ. ಬಚ್ಚಲಿನಲ್ಲಿ ಎಂಟು ದಿನ ಇದ್ದವನು ಹಾಲ್‌ನಲ್ಲಿ ಎಂಟು ನಿಮಿಷ ಕೂತದ್ದು ಮಾತ್ರ ಅಂದೇ ಮೊದಲು. ಕೆಲಸದಿಂದ ಹೋಗುತ್ತಿದ್ದವನನ್ನು ದಾರಿಯಲ್ಲಿ ಹಿಡಿದು ಕರೆತಂದವನು ಜ್ಯೋತ್ಸ್ನಾಳ ಗಂಡ ನಿಖಿಲ. ಧಾರವಾಡದವನು, ನಾಸಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ಅವನಿಗೆ ಆ ವಾರ ತುರ್ತಾಗಿ ಒಬ್ಬ ಬಡ ಗೆಳೆಯ ಬೇಕಾಗಿದ್ದ.

ಇದಕ್ಕೆಲ್ಲ ಕಾರಣ ಹೊಸ ಪಾಸ್ಟರ್ ಉತ್ಕರ್ಷ. ನಾಸಿಕದ ಕನ್ನಡ ಕ್ರೈಸ್ತರ ಸಣ್ಣ ಸಭೆಯೊಂದು ಬಾಡಿಗೆಯ ಮದುವೆ ಹಾಲ್‌ನಲ್ಲಿ ಕೂಡುತ್ತದೆ. ಮುಂದಿನ ಸಾಲುಗಳಲ್ಲಿ ಕಾರ್ಖಾನೆಯವರು, ಹಿಂದಿನ ಸಾಲುಗಳಲ್ಲಿ ಕಟ್ಟಡ ಕೆಲಸದವರು. ನಡುವೆ ಎರಡು ಸಾಲು ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ಸದಾ ಖಾಲಿ. ಅದಕ್ಕೆ ಕೆಂಪು ಸಮುದ್ರವೆಂದೇ ಹೆಸರು. ಅದನ್ನು ಸೀಳಿ ಜನರನ್ನು ದಾಟಿಸಲು ಇನ್ನೂ ಯಾವ ಮೋಶೆಯೂ ಬಂದಿರಲಿಲ್ಲ. ಉತ್ಕರ್ಷ ಬಂದ. ತಾಯಿಯ ಕಡೆಯಿಂದ ಕನ್ನಡ, ಶಾಲೆಯಿಂದ ಮರಾಠಿ, ಸೆಮಿನರಿಯಿಂದ ಉತ್ಸಾಹ. ಔತಣ ಮಾಡಿದರೆ ತಿರುಗಿ ಕರೆಯಬಲ್ಲವರನ್ನು ಕರೆಯಬೇಡಿ, ಬಡವರನ್ನು ಕರೆಯಿರಿ ಎಂದು ಯೇಸು ಹೇಳಿದ್ದನ್ನು ಈ ಸಭೆ ಇಷ್ಟು ವರ್ಷ ಬರೀ ಕೇಳಿಸಿಕೊಂಡಿದೆ, ಇನ್ನು ಮಾಡಿ ತೋರಿಸಲಿ ಎಂದ. ಬರುವ ತಿಂಗಳ ಮೊದಲ ಭಾನುವಾರದ ಊಟಕ್ಕೆ ಪ್ರತಿ ಮನೆಯವರೂ ಒಬ್ಬ ಬಡ ಗೆಳೆಯನನ್ನು ಕರೆತರಬೇಕು. ಆತ ನಿಮ್ಮ ಕೈಯಿಂದ ಪಗಾರ ತೆಗೆದುಕೊಳ್ಳುವವನಾಗಿರಬಾರದು, ಅವನ ಮಕ್ಕಳ ಹೆಸರು ನಿಮಗೆ ಗೊತ್ತಿರಬೇಕು, ಅವನು ನಿಮ್ಮ ಮನೆಯಲ್ಲಿ ಕೂತೆದ್ದಿರಬೇಕು.

"ಫ್ರೆಂಡ್ ಪಾಯಿಜೆ, ನೌಕರ ನಕೋ," ಗೆಳೆಯ ಬೇಕು, ಆಳು ಬೇಡ ಎಂದು ಮರಾಠಿಯಲ್ಲೂ ಒತ್ತಿ ಹೇಳಿದ, ಯಾರಿಗೂ ಅರ್ಥವಾಗಲಿಲ್ಲ ಎನ್ನುವ ನೆಪ ಉಳಿಯದ ಹಾಗೆ.

ಸಭೆಯ ಮುಂಭಾಗ ತಳಮಳಿಸಿತು. ನಿಖಿಲ ಇರುವುದು ಹೆಸರಿಗೆ ಬಡಾವಣೆ. ಹುಡುಕಿದರೆ ಒಬ್ಬ ಬಡವನಿಲ್ಲ. ಇದ್ದವರೆಲ್ಲ ವಾಚ್‌ಮನ್, ಡ್ರೈವರ್, ಮನೆಗೆಲಸದವರು, ಎಲ್ಲರೂ ಪಗಾರದವರು. ಪಕ್ಕದ ಮನೆಯ ಮಾಲವಿಕಾ ತನ್ನ ಕೆಲಸದ ಪಾರ್ವತಿಬಾಯಿಯನ್ನು ಶನಿವಾರ ತೆಗೆದುಹಾಕಿ ಸೋಮವಾರ ಮತ್ತೆ ಸೇರಿಸಿಕೊಂಡರೆ ನಡೆದೀತೇ ಎಂದು ಪಾಸ್ಟರನ್ನು ಫೋನಿನಲ್ಲಿ ಕೇಳಿದಳು. ಇನ್ನೊಬ್ಬರು ತ್ರ್ಯಂಬಕೇಶ್ವರದ ಜೀಪಿನವನೊಬ್ಬನನ್ನು ಅವನ ಹರಕು ಅಂಗಿ ನೋಡಿ ಕರೆದಿಟ್ಟರು. ಆಮೇಲೆ ತಿಳಿಯಿತು, ಅವನಿಗೆ ಅಲ್ಲಿ ಎರಡು ಲಾಡ್ಜ್‌ಗಳಿದ್ದವು.

ನಿಖಿಲನಿಗೆ ಧರ್ಮಣ್ಣ ಹೊಳೆದದ್ದು ಬಚ್ಚಲಿನಲ್ಲಿ, ಕಾಲಕೆಳಗಿನ ಟೈಲ್ಸ್ ನೋಡುತ್ತಿದ್ದಾಗ. ಧರ್ಮಕ್ಕೆ ಸಿಕ್ಕವನಲ್ಲ ಧರ್ಮಣ್ಣ. ಕೂಲಿ ಪೂರ್ತಿ ತೆಗೆದುಕೊಂಡು ಹೋದವನು, ಆದ್ದರಿಂದ ಈಗ ಪಗಾರದವನಲ್ಲ. ಬೀದರದ ಕಡೆಯವನು, ನಾಸಿಕಕ್ಕೆ ಬಂದು ಹದಿನೆಂಟು ವರ್ಷ, ಅಷ್ಟೂ ವರ್ಷ ಸಭೆಯ ಕೊನೆಯ ಸಾಲಿನಲ್ಲಿ ಗೋಡೆಗೊರಗಿ ಕೂತವನು. ಕೂರಿಸಿದ ಟೈಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಕೊಟ್ಟು ಕೇಳುವನು. ಟೊಳ್ಳು ಸದ್ದು ಬಂದರೆ ಯಾರೂ ಹೇಳದೆಯೇ ಎಬ್ಬಿಸಿ ಮತ್ತೆ ಕೂರಿಸುವನು. ಮಾತು ಮಾತ್ರ ಕೇಳಿದಷ್ಟಕ್ಕೆ. ಮಕ್ಕಳಿಬ್ಬರಿಗೆ, ಕೇಳಲು ಚೆನ್ನಾಗಿದೆಯೆಂದು, ಗೀತಾ, ಅದ್ವೈತ್ ಎಂದು ಹೆಸರಿಟ್ಟಿದ್ದ. ನಿಖಿಲ ಕಾರ್ಖಾನೆಯ ಬಸ್ಸಿನಲ್ಲಿ ಗೀತಾ, ಅದ್ವೈತ್, ಗೀತಾ, ಅದ್ವೈತ್ ಎಂದು ಬಾಯಿಪಾಠ ಮಾಡುತ್ತಿದ್ದರೆ ಪಕ್ಕದವರು ಇವನು ವೇದಾಂತಕ್ಕೆ ತಿರುಗಿದನೆಂದುಕೊಂಡರು.

ಗೆಳೆಯನನ್ನು ಏನೆಂದು ಕರೆಯುವುದು ಎಂಬುದೂ ಸಮಸ್ಯೆಯಾಯಿತು. ಬಚ್ಚಲಿನ ದಿನಗಳಲ್ಲಿ 'ನೀ' ಎನ್ನುತ್ತಿದ್ದ. ಈಗ ಮರ್ಯಾದೆಯಿಂದ 'ನೀವು' ಎಂದ. ಗೆಳೆಯರು ನೀವು ಎನ್ನುತ್ತಾರೆಯೇ ಎಂದು ಜ್ಯೋತ್ಸ್ನಾ ಒಳಗೆ ಕರೆದು ತಿವಿದಳು. ಹೊರಗೆ ಬಂದು ಮತ್ತೆ 'ನೀ' ಎಂದ. ಧರ್ಮಣ್ಣ ಎರಡಕ್ಕೂ ಹೂಂ ಎಂದು ಚಹಾ ಕುಡಿದ.

ಹೊರಡುವಾಗ ಅವನು ತಾನಾಗಿ ಒಂದು ಮಾತು ಹೇಳಿದ. ಛತ್ರಪತಿ ಸಂಭಾಜಿನಗರದ ಆಚೆ ಬಿಡಕಿನ್‌ನಲ್ಲಿ ಹೊಸ ಕಾರ್ಖಾನೆಗಳು ಏಳುತ್ತಿವೆ. ಅಲ್ಲಿನ ಗುತ್ತಿಗೆದಾರ ಗೋವಿಂದ ತನ್ನನ್ನು ಫ್ಲೋರಿಂಗ್ ಕೆಲಸದ ಸೂಪರ್‌ವೈಸರ್ ಮಾಡುತ್ತಾನಂತೆ, ತಿಂಗಳ ಪಗಾರ, ಇರಲು ಎರಡು ಕೋಣೆ. ಗುರುವಾರ ಹಾಜರಾಗಬೇಕು, ಇಲ್ಲವಾದರೆ ಬೇರೆಯವನಿಗೆ ಕೊಡುತ್ತಾನೆ.

ಜ್ಯೋತ್ಸ್ನಾ ನಿಖಿಲನ ಕಿವಿಯಲ್ಲಿ ಪಿಸುಗುಟ್ಟಿದಳು: "ಗುರುವಾರ ಸೂಪರ್‌ವೈಸರ್ ಆದವ ಐತವಾರ ಬಡವ ಹೆಂಗ ಆಗ್ತಾನ್ರಿ?"

ನಿಖಿಲ ಗೇಟಿನ ತನಕ ಜೊತೆಗೆ ಹೋದ. "ಧರ್ಮಣ್ಣ, ಐತವಾರದ ತನಕ ಸ್ವಲ್ಪ ಹಿಂಗ ಇರಪಾ."

"ಹೆಂಗ್ರಿ ಸಾಹೇಬ್ರ?"

"ಈಗ ಇದ್ದಂಗ."

ಧರ್ಮಣ್ಣ ತನ್ನ ಅಂಗಿಯನ್ನೊಮ್ಮೆ, ಸಾಹೇಬರ ಮುಖವನ್ನೊಮ್ಮೆ ನೋಡಿದ. "ಆಯ್ತ್ರಿ. ಐತವಾರ ಬರ್ತೀನ್ರಿ," ಎಂದು ಹೋದ.

ಬುಧವಾರದವರೆಗೆ ನಿಖಿಲ ಸುಖವಾಗಿದ್ದ. ಗುರುವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ತುತ್ತು ಬಾಯಿಗಿಡುವಾಗ, ಈ ಹೊತ್ತಿಗೆ ಆ ಕೆಲಸ ಬೇರೆ ಯಾರದೋ ಆಗಿರುತ್ತದೆ ಎಂಬುದು ಹೊಳೆಯಿತು. ತುತ್ತು ಕೆಳಗಿಟ್ಟ. ಒಬ್ಬ ಮನುಷ್ಯನ ಅನ್ನವನ್ನು ತಾನು ಒಂದು ಊಟಕ್ಕಾಗಿ ಕಸಿದಿದ್ದ. ಧರ್ಮಣ್ಣನಿಗೆ ಫೋನು ಮಾಡಿದ, ಹತ್ತಲಿಲ್ಲ. ರೀಚಾರ್ಜಿಗೂ ದುಡ್ಡಿಲ್ಲ ಪಾಪ ಎಂದುಕೊಂಡ.

ಶುಕ್ರವಾರ ಸಂಜೆ ಒಂದು ಚೀಲ ಬಾಸುಮತಿ ಅಕ್ಕಿ ಕಾರಿಗೆ ಹಾಕಿಕೊಂಡು ಧರ್ಮಣ್ಣನ ತಗಡಿನ ಶೆಡ್ಡಿಗೆ ಹೋದ. ಹೆಂಡತಿ ದಾನಮ್ಮ ಬಾಗಿಲಲ್ಲಿ ಕೂತು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಮಾರಲು ತುಂಬುತ್ತಿದ್ದಾಳೆಂದು ನಿಖಿಲನಿಗೆ ಖಾತ್ರಿಯಾಯಿತು, ಕೇಳಲು ಧೈರ್ಯವಾಗಲಿಲ್ಲ. ಧರ್ಮಣ್ಣ ಎಲ್ಲಿ ಎಂದದ್ದಕ್ಕೆ ದುಡಿಯಲು ಹೋಗಿದ್ದಾರೆ ಎಂದಳು. ಅಕ್ಕಿಯ ಚೀಲಕ್ಕೆ ಒಂದು ಸುತ್ತು ಹಾಕಿ ನೋಡಿದಳು.

"ಇದು ಯಾತಕ್ರಿ?"

"ಗೆಳೆತನಕ್ಕ ಅಂತ ತಿಳ್ಕೋರಿ."

"ಹನ್ನೆರಡೂ ತಿಂಗಳ ಜ್ವಾಳಾ ತಿನ್ನೋರ್ರಿ ನಾವು. ಗೆಳ್ಯಾಗ ಅದಾದ್ರೂ ಗೊತ್ತಿರಬೇಕಲ್ರಿ," ಎಂದಳು ದಾನಮ್ಮ. ಆದರೂ ಚೀಲವನ್ನು ಒಳಗೆ ಎಳೆದುಕೊಂಡಳು.

ಶನಿವಾರ ನಿಖಿಲ ಉಪವಾಸ ಮಾಡಿದ. ಧನಿಕ ಸ್ವರ್ಗ ಸೇರುವುದಕ್ಕಿಂತ ಸೂಜಿಯ ಕಣ್ಣಿನಲ್ಲಿ ಒಂಟೆ ನುಗ್ಗುವುದು ಸುಲಭವೆಂಬ ಮಾತನ್ನು ಚಿಕ್ಕಂದಿನಿಂದ ಕೇಳಿದ್ದ. ಆ ಒಂಟೆ ಬೇರೆ ಯಾರೋ, ಹೆಚ್ಚು ದುಡ್ಡಿನವರು ಎಂದೇ ತಿಳಿದಿದ್ದ. ಈಗ ತನ್ನ ಬೆನ್ನ ಮೇಲೆ ಕೈಯಾಡಿಸಿದರೆ ಡುಬ್ಬ ಸಿಕ್ಕೀತೆನಿಸಿತು.

ಭಾನುವಾರ ಬಂತು. ಬಡವರ ಊಟಕ್ಕೆ ಬಡಿವಾರವೇ ಜಾಸ್ತಿ ಬಡಿಸಿದಂತಿತ್ತು: ಎರಡು ಬಗೆಯ ಪಲಾವ್, ಕೋಳಿ, ಶ್ರೀಖಂಡ. ಶನಿವಾರವಷ್ಟೇ ಕೆಲಸ ಕಳೆದುಕೊಂಡಿದ್ದ ಪಾರ್ವತಿಬಾಯಿ ಎಲ್ಲರಿಗಿಂತ ಚೆಂದದ ಸೀರೆಯುಟ್ಟು ಮಾಲವಿಕಾಳ ಕೈಯಿಂದ ಎರಡೆರಡು ಸಲ ನೀರು ತರಿಸಿಕೊಂಡಳು. ಜೀಪಿನವನು ಊಟದ ಸಾಲಿನಲ್ಲಿ ತನ್ನ ಲಾಡ್ಜಿನ ಕಾರ್ಡು ಹಂಚಿದ. ಧರ್ಮಣ್ಣ ತಡವಾಗಿ ಬಂದ. ತಲೆತುಂಬ ಧೂಳು, ಕಣ್ಣು ಕೆಂಡದ ಹಾಗೆ ಕೆಂಪು. ಕೂತಲ್ಲೇ ತಲೆ ತೂಗಿತು. ರಾತ್ರಿಯೆಲ್ಲ ಅತ್ತಿದ್ದಾನೆ ಎಂದುಕೊಂಡ ನಿಖಿಲ.

ತಂತಮ್ಮ ಗೆಳೆಯನನ್ನು ಪರಿಚಯಿಸುವ ಸರದಿ ನಿಖಿಲನಿಗೆ ಬಂದಾಗ ಅವನು ಎದ್ದು ಮೈಕ್ ಹಿಡಿದ. ಎಲ್ಲವನ್ನೂ ಹೇಳಿಬಿಟ್ಟ. ಇವನು ತನ್ನ ಗೆಳೆಯನಲ್ಲ, ತಾನು ಒಂದು ದಿನಕ್ಕೆ ಕಡ ತಂದ ಬಡತನ. ದೇವರ ಮುಂದೆ ತಾನು ಚೆನ್ನಾಗಿ ಕಾಣಲೆಂದು ಇವನಿಗೆ ಭಾನುವಾರದವರೆಗೆ ಬಡವನಾಗಿರು ಎಂದಿದ್ದ. ಇವನು ಮರುಮಾತಿಲ್ಲದೆ ಇದ್ದ, ಕೈಗೆ ಬಂದ ಕೆಲಸ ಬಿಟ್ಟ. ಮುಂದಿನ ಸಾಲಿನಲ್ಲಿ ಯಾರೋ ಆಮೆನ್ ಎಂದರು. ಮಾಲವಿಕಾ ಮೂಗೊರೆಸಿಕೊಂಡಳು. ಹಿಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪಾಸ್ಟರ್ ಉತ್ಕರ್ಷನ ಕಣ್ಣಲ್ಲಿ ನೀರಿತ್ತು. ತನ್ನ ಯೋಜನೆ ಇಷ್ಟು ಬೇಗ ಫಲ ಕೊಟ್ಟೀತೆಂದು ಅವನೂ ಎಣಿಸಿರಲಿಲ್ಲ. ಧರ್ಮಣ್ಣನ ಕೈ ಹಿಡಿದು ಎಬ್ಬಿಸಿ, ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದ.

"ಧರ್ಮಣ್ಣಾ, ಇವ್ರ ಸಲುವಾಗಿ ಅಷ್ಟು ಮೋಠಾ, ಅಷ್ಟು ದೊಡ್ಡ ಕೆಲ್ಸ ಯಾಕ ಬಿಟ್ಟಿರಿ?"

ಧರ್ಮಣ್ಣ ಆಕಳಿಕೆಯನ್ನು ಅಂಗೈಯಿಂದ ಮುಚ್ಚಿಕೊಂಡ.

"ಎಲ್ಲಿ ಬಿಟ್ಟೀನ್ರಿ? ಗುರುವಾರ ಮುಂಜಾನೆನೇ ಹೋಗಿ ಸೇರ್ಕೊಂಡೀನ್ರಿ. ರಾತ್ರಿಯೆಲ್ಲಾ ಬಸ್ಸಿನಾಗ ಕುಂತು ಬಂದೀನ್ರಿ. ಐತವಾರ ಅಲ್ಲಿನೂ ಕೆಲಸಕ್ಕ ಸೂಟಿ ಇರ್ತದಲ್ರಿ."