ಸನ್ನಿಯ ಪಾಳಿ

ಸನ್ನಿ ಉಗ್ಗುತ್ತಾನೆ. ಭಾಲ್ಕಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಅವನು, 'ಉಸಿರು ಹಿಡೀರಿ, ಬಿಡ್ರಿ' ಎಂಬಷ್ಟನ್ನು ಮಾತ್ರ ತಡವರಿಸದೆ ಹೇಳುತ್ತಾನೆ. ಅದರಾಚೆಯ ಮಾತನ್ನು ಮುಗಿಸಿಕೊಡಲು ನಾವಿದ್ದೇವಲ್ಲ! ನಮ್ಮ ಚರ್ಚಿನ ಮಂದಿಗೆ ಕರುಣೆ ಜಾಸ್ತಿ, ತಾಳ್ಮೆ ಕಡಿಮೆ. ಬುಧವಾರದ ಮನೆ ಪ್ರಾರ್ಥನೆಯಲ್ಲಿ ಸುತ್ತ ಕೂತವರು ಬೈಬಲಿನ ಒಂದೊಂದು ವಚನ ಓದಬೇಕು. ಸನ್ನಿಯ ಪಾಳಿ ಬಂದರೆ ಅವನ ಕಾಕಾ ಮತ್ತಾಯ ಗಂಟಲು ಸರಿಮಾಡಿಕೊಂಡು ಅದನ್ನೂ ತಾವೇ ಓದಿಬಿಡುತ್ತಿದ್ದರು. ಪಾಪ, ಹುಡುಗನಿಗೆ ಮುಜುಗರ ಆಗಬಾರದೆಂದು. ಹುಡುಗನಿಗೆ ಮೂವತ್ತು ದಾಟಿದೆ.

ಬೀದರಿನ ಮನೆಗೆ ಬಂದರೆ ಸನ್ನಿಗೆ ಕಂಪ್ಯೂಟರ್ ಆಟವೇ ಜಗತ್ತು. ಅದರಲ್ಲಿ ಅವನು ಖಡ್ಗ ಹಿಡಿದ ವೀರ. ಕಾವಲುಗಾರ ಪ್ರಶ್ನೆ ಕೇಳಿದರೆ ಪರದೆಯ ಮೇಲೆ ಮೂರು ಉತ್ತರ ಮೂಡುತ್ತವೆ. ಒಂದನ್ನು ಒತ್ತಿದರಾಯಿತು, ಬಾಯಿ ತೆರೆಯಬೇಕಿಲ್ಲ.

ಮತ್ತಾಯರ ಮಗಳು ಜೆಮಿಮಾ ಔರಾದಿನಲ್ಲಿ ಶಿಕ್ಷಕಿ. ಅವಳು ಅಂಥದೇ ಆಟವನ್ನು ಮೇಜಿನ ಸುತ್ತ ಕೂರಿಸಿ ಆಡಿಸುತ್ತಾಳೆ. ಪರದೆ ಇಲ್ಲ, ಒಂದಿಷ್ಟು ದಾಳಗಳಷ್ಟೇ. ಅವಳು ಕತೆ ನಡೆಸುತ್ತಾಳೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಬೇಕು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸನ್ನಿಯನ್ನೂ, ಮತ್ತಾಯರನ್ನೂ, ನನ್ನನ್ನೂ ಹಿಡಿದು ಕೂರಿಸಿದಳು.

"ಕಿಲ್ಲಾದ ಬಾಗಲಕ ಬಂದೀರಿ. ಕಾವಲುಗಾರ ಸನ್ನಿಗೆ ಕೇಳ್ತಾನ, ಯಾರು ನೀನು? ಯಾಕ ಬಂದಿ?"

ಸನ್ನಿಯ ತುಟಿ ಅಲುಗಿತು, ಮಾತು ಹೊರಡಲಿಲ್ಲ.

"ಅವ ಏನಂತಾನಂದ್ರ..." ಮತ್ತಾಯ ಶುರುಮಾಡಿದರು.

"ಪಪ್ಪಾ, ಕಾವಲುಗಾರ ನಿಮಗ ಕೇಳಿಲ್ರಿ," ಎಂದಳು ಜೆಮಿಮಾ. "ಒಬ್ರ ಮಾತು ಇನ್ನೊಬ್ರು ಆಡಂಗಿಲ್ರಿ. ಆಟದ ಕಾಯ್ದೆ."

ಕಾದೆವು. ಚಹಾ ಆರಿತು. ನನಗಂತೂ ಕೂತಲ್ಲಿ ಕೂರಲಾಗಲಿಲ್ಲ.

"ನ... ನಮ್ಮವರು ಒಳಗ ಊ... ಊಟಕ್ಕ ಕುಂತಾರ. ನನ್ನ ಬಿಟ್ಟು ಬಿ... ಬಿರಿಯಾನಿ ಖತಂ ಮಾಡಿದ್ರ, ನೀ ಕೊಡ್ತೀಯೇನು?"

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಜೆಮಿಮಾ ಕಾವಲುಗಾರನಿಂದ ಕಿಲ್ಲಾದ ಬಾಗಿಲು ತೆರೆಸಿದಳು.

ಮನೆಗೆ ಹೋಗುವಾಗ ಸನ್ನಿ ನನಗೆ ನಿಧಾನವಾಗಿ ಹೇಳಿದ: "ಕ... ಕಂಪ್ಯೂಟರ್ ನನಗ ಅವಸರ ಮಾಡಂಗಿಲ್ರಿ, ಖರೆ. ಆದ್ರ ಅದಕ್ಕ ನನ್ನ ಮಾ... ಮಾತೇ ಬೇಕಾಗಿಲ್ಲ." ಹಾಗಂತ ಅದನ್ನು ಬಿಟ್ಟಿಲ್ಲ, ಇವತ್ತಿಗೂ ಆಡುತ್ತಾನೆ.

ಆ ಬುಧವಾರದ ಪ್ರಾರ್ಥನೆ ನಮ್ಮ ಮನೆಯಲ್ಲಿತ್ತು. ಓದು ಸುತ್ತಿ ಸನ್ನಿಯ ಬಳಿ ಬಂತು. ಮತ್ತಾಯ ಎಂದಿನಂತೆ ಗಂಟಲು ಸರಿಮಾಡಿಕೊಂಡರು. ಸನ್ನಿ ಅವರ ಮೊಣಕಾಲ ಮೇಲೆ ಮೆಲ್ಲಗೆ ಕೈಯಿಟ್ಟ.

"ಕಾ... ಕಾಕಾ, ನನ್ನ ಪಾಳಿ ಅದ್ರಿ."

ವಚನ ಮುಗಿಯಲು ಬಹಳ ಹೊತ್ತು ಹಿಡಿಯಿತು. ಯಾರೂ ಕೆಮ್ಮಲಿಲ್ಲ. ಮುಂದಿನ ಪಾಳಿ ಮತ್ತಾಯರದು. ಅವರು ಕನ್ನಡಕ ತೆಗೆದು ಕಣ್ಣೊರೆಸುತ್ತ, ಎಲ್ಲಿಂದ ಓದಬೇಕೆಂದೇ ತಿಳಿಯದೆ ಕೂತಿದ್ದರು. ಸನ್ನಿ ಬೆರಳಿಟ್ಟು ತೋರಿಸಿದ.